ನನ್ನ ಮಗಳು ದಡ್ಡಿ ಎಂದು ನಾಲ್ಕು ತಾಲೂಕಿಗೆ ಸಾರಿದ್ದು

ನಮ್ಮ ಮನೆತನದಲ್ಲಿ ಒಳ್ಳೆಯದನ್ನು ಬಾಯಿಬಿಟ್ಟು ಹೇಳುವ ರೂಢಿ ಇಲ್ಲ. ಹೊಲದಲ್ಲಿ ಬೋರ್ ಹಾಕಿಸಿ ನೀರು ಆಳೆತ್ತರ ಚಿಮ್ಮಿ ನಿಂತವರ ಮೈಯೆಲ್ಲ ತೊಯ್ದು ಹೋದರೂ, ಕೇಳಿದವರಿಗೆ "ಏನೋ ಒಂದಿಷ್ಟು ರಾಡಿ ಬಂದೈತ್ರಿ" ಎಂದೇ ಹೇಳಬೇಕು. ಬಸುರಿಯಾದರೆ ಐದು ತಿಂಗಳಾಗುವ ತನಕ ಅದು ಪಿತ್ತ. ಹೆಣ್ಣು ನೋಡಲು ಹೊರಟವರು "ಡಾಕ್ಟರಿಗೆ ಹಲ್ಲು ತೋರಿಸಾಕ ಹೊಂಟೇವ್ರಿ" ಎನ್ನುತ್ತಾರೆ. ಹೋಳಿಗೆ ಎಲೆಯಷ್ಟು ತೆಳ್ಳಗೆ, ಬೆಣ್ಣೆಯಷ್ಟು ಮೆತ್ತಗೆ ಬಂದ ದಿನವೇ ಬಡಿಸುವಾಗ "ಈ ಸಲ ಯಾಕೋ ಕೆಟ್ಟಾವು, ಸಂಬಾಳಿಸಿಕೊಂಡು ಉಣ್ರಿ" ಎನ್ನುವುದು. ದೃಷ್ಟಿ ತಾಗುತ್ತದೆ ಎಂದು ನೀನು ನಂಬುತ್ತೀಯಾ ಅಂತ ಯಾರಾದರೂ ನೇರ ಕೇಳಿದರೆ ನಾನು ಇಲ್ಲ ಎನ್ನುತ್ತೇನೆ. ಬಿ.ಎ. ಓದಿದವಳು ನಾನು. ಆದರೆ ನಂಬದೆಯೂ ಹೆದರಬಹುದು; ಅದಕ್ಕೆ ಡಿಗ್ರಿಯೇನೂ ಅಡ್ಡ ಬರುವುದಿಲ್ಲ.

ನಮ್ಮ ಮನೆ ಶಿಗ್ಗಾವಿಯಲ್ಲಿ. ಮನೆಯವರದು ಸುಟ್ಟ ಮೋಟಾರುಗಳಿಗೆ ಹೊಸ ತಂತಿ ಸುತ್ತಿಕೊಡುವ ಅಂಗಡಿ. ನನ್ನ ತವರು ಹಾನಗಲ್ಲು, ಅವ್ವ ಅಲ್ಲಿದ್ದಾಳೆ. ಅಕ್ಕನನ್ನು ಹಿರೇಕೆರೂರಿಗೆ ಕೊಟ್ಟಿದೆ. ಮನೆಯವರ ತಂಗಿ, ಅಂದರೆ ನನ್ನ ನಾದಿನಿ, ಸವಣೂರಿನಲ್ಲಿ. ಈ ನಾಲ್ಕು ಊರುಗಳ ನಡುವೆ ಬಸ್ಸು ತಡವಾದೀತು, ಮಾತು ತಡವಾದದ್ದನ್ನು ನಾನು ಕಂಡಿಲ್ಲ.

ಮಗಳು ಒಬ್ಬಳೇ. ಆಕೆ ಎಂಟನೆಯ ತರಗತಿಯ ಕೊನೆಯಲ್ಲಿದ್ದಾಗ ಅವರ ಶಾಲೆಗೆ ದೂರದ ಒಂದು ವಿಜ್ಞಾನ ಸಂಸ್ಥೆಯಿಂದ ಪ್ರಯೋಗ ತೋರಿಸುವವರು ವ್ಯಾನಿನಲ್ಲಿ ಬಂದಿದ್ದರು. ಅವತ್ತು ಸಂಜೆ ನಾನು ಹಿತ್ತಲ ಕಟ್ಟೆಯ ಮೇಲೆ ಕೂತು ಹೆಸರುಕಾಳಿನಲ್ಲಿ ಹರಳು ಆರಿಸುತ್ತಿದ್ದೆ. ಆಕೆ ಚಪ್ಪಲಿ ಕೂಡ ಬಿಡದೆ ಬಂದು ಎದುರಿಗೆ ನಿಂತಳು.

"ಅವ್ವಾ, ನಾ ಹನ್ನೆರಡನೇತ್ತಾ ಮುಗಿದ ಮ್ಯಾಲೆ ಅಲ್ಲೇ ಓದಾಕ ಹೋಗ್ತೇನಿ."

"ಎಲ್ಲಿ?"

"ಆ ವ್ಯಾನಿನವರ ಯೂನಿವರ್ಸಿಟಿಗೆ. ಇಡೀ ದೇಶದಾಗ ಭಾಳ ಕಡಿಮಿ ಮಂದೀನ ತಗೋತಾರಂತ. ಒಂಬತ್ತನೇತ್ತಾದಿಂದನ ತಯಾರಿ ಮಾಡಬೇಕಂತ. ಒಂಬತ್ತು ಮುಗಿದ ಮ್ಯಾಲೆ ಬೇಸಿಗಿಯೊಳಗ ಒಂದು ಶಿಬಿರ ಇರತೈತಿ. ಒಂದು ಶಾಲಿಯಿಂದ ಒಬ್ಬರ ಹೆಸರು ಕಳಸ್ತಾರ, ಆಮ್ಯಾಲೆ ಪರೀಕ್ಷಾ. ಅದರಾಗ ಆರಿಸಿ ಬಂದವರಿಗೆ ಮುಂದ ಮೂರೂ ವರ್ಷ ಅವರ ದಾರಿ ತೋರಸ್ತಾರ. ಆ ಶಿಬಿರ ನನಗ ಬೇಕ ಬೇಕು."

ಬೇರೆ ತಾಯಂದಿರು ಇಂಥ ಹೊತ್ತಿನಲ್ಲಿ ಏನು ಮಾಡುತ್ತಾರೋ ಗೊತ್ತಿಲ್ಲ. ನಾನು ಮೊದಲು ಮಾಡಿದ ಕೆಲಸವೆಂದರೆ ಎದ್ದು ಹೋಗಿ ಹಿತ್ತಲ ಬಾಗಿಲು ಹಾಕಿದ್ದು. "ಸಣ್ಣಗ ಮಾತಾಡು. ಬಾಜೂ ಮನಿಯವ್ರಿಗೆ ಕೇಳಿಸೀತು," ಎಂದೆ.

"ಕೇಳಿಸಿದ್ರ ಏನಾತು?"

ಹೆಸರುಕಾಳಿನ ಮರ ಎತ್ತಿಕೊಂಡು ಒಳಗೆ ನಡೆದೆ. ಅವತ್ತೇ ಮನಸ್ಸಿನಲ್ಲಿ ನಿಶ್ಚಯವಾಯಿತು: ಈ ಸುದ್ದಿ ಮನೆಯ ಹೊಸ್ತಿಲು ದಾಟಬಾರದು. ಮನೆಯವರು ಊಟಕ್ಕೆ ಕೂತಾಗ ಹೇಳಿದೆ. ಅವರು ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದರು. "ಐದು ತಿಂಗಳ ಬಸುರು ಮುಚ್ಚಿಡಾಕ ಆಗದ ಹೆಣಗಾಡಿದಾಕಿ ನೀನು. ಇದು ನಾಕ ವರ್ಷದ್ದು. ಹ್ಯಾಂಗ ಮುಚ್ಚಿಡ್ತಿ?" ಎಂದರು.

"ಅದು ನನಗ ಬಿಡ್ರಿ," ಎಂದೆ. ನನಗೆ ಬಿಟ್ಟರು. ಅದೇ ತಪ್ಪಾದದ್ದು.

ಜೂನ್ ತಿಂಗಳಲ್ಲಿ ಒಂಬತ್ತನೆಯ ತರಗತಿ ಸುರುವಾಯಿತು. ಹುಬ್ಬಳ್ಳಿಯಿಂದ ಪುಸ್ತಕಗಳು ಬಂದವು. ಭೌತಶಾಸ್ತ್ರದ್ದೊಂದು ಎಷ್ಟು ದಪ್ಪ ಇತ್ತೆಂದರೆ, ಅದನ್ನು ತಲೆದಿಂಬಾಗಿಸಿಕೊಂಡರೆ ಕುತ್ತಿಗೆ ನೋಯುತ್ತಿತ್ತು. ಅದರ ಮೇಲಿನ ರಾಕೆಟ್ಟಿನ ಚಿತ್ರ ನೋಡಿದರೆ ಯಾರಿಗಾದರೂ ಸಂಶಯ ಬರುವಂತಿತ್ತು. ನಪಾಸಾಗುವ ಭಯ ಇರುವ ಮಕ್ಕಳಿಗೆಂದು "ಪಾಸಿಂಗ್ ಪ್ಯಾಕೇಜ್" ಅಂತ ಒಂದು ತೆಳು ಪುಸ್ತಕ ಬರುತ್ತದಲ್ಲ, ಅದನ್ನು ಅಂಗಡಿಯಿಂದ ತಂದೆ. ಅದರ ರಟ್ಟು ಬಿಚ್ಚಿ ಈ ದಪ್ಪ ಪುಸ್ತಕಕ್ಕೆ ಅಂಟಿಸಿದೆ. ರಟ್ಟು ಸಾಲಲಿಲ್ಲ, ಬೆನ್ನಿಗೆ ಕ್ಯಾಲೆಂಡರಿನ ಹಾಳೆ ಹಚ್ಚಿದೆ. ಮಗಳು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಇಷ್ಟು ದಪ್ಪ ಪ್ಯಾಕೇಜ್ ಓದೇ ಪಾಸಾಗಬೇಕಂದ್ರ ಆ ಹುಡುಗಿ ಎಷ್ಟು ದಡ್ಡಿ ಇರಬೇಕವ್ವಾ!"

ಮುಂದಿನ ಎಲ್ಲದಕ್ಕೂ ಬೀಜ ಬಿದ್ದದ್ದು ಆಕೆಯ ಈ ಮಾತಿನಿಂದಲೇ ಎಂದು ನಾನು ಬಹಳ ದಿನ ವಾದ ಮಾಡಿದ್ದೇನೆ. ಮನೆಯಲ್ಲಿ ಯಾರೂ ಒಪ್ಪಿಲ್ಲ.

ನಾದಿನಿ ಸವಣೂರಿನಿಂದ ಬಂದದ್ದು ಒಂದು ಭಾನುವಾರ ಮಧ್ಯಾಹ್ನ. ಆಕೆ ಬಂದರೆ ಚೀಲದಲ್ಲಿ ಎಳೆ ವೀಳ್ಯದೆಲೆಯ ಕಟ್ಟು, ಒಂದು ಪೊಟ್ಟಣ ಕುರುಕಲು ಖಾರ ಇದ್ದೇ ಇರುತ್ತವೆ. ಹೋಗುವಾಗ ನಮ್ಮ ಮನೆಯ ಸುದ್ದಿ ಇದ್ದೇ ಇರುತ್ತದೆ. ಕೈಕಾಲು ತೊಳೆದು ಒಳಗೆ ಬಂದವಳ ಕಣ್ಣು ಸೀದಾ ನಡುಮನೆಗೆ ಹೋಯಿತು. ಅಲ್ಲಿ ಮಗಳು ಜಮಖಾನೆಯ ಮೇಲೆ ಸುತ್ತ ಪುಸ್ತಕ ಹರಡಿಕೊಂಡು, ಮಂದಿ ಬಂದದ್ದರ ಖಬರೇ ಇಲ್ಲದೆ ಏನೋ ಗೀಚುತ್ತಿದ್ದಳು.

"ಇದೇನ್ರಿ ವೈನಿ, ಐತವಾರ ಸುದ್ದಾ ಇಷ್ಟು ಓದಾಕತ್ತಾಳ? ಕಲೆಕ್ಟರ್ ಆಗಾಕಿ ಏನು?"

ಆಕೆ ಚೇಷ್ಟೆಗೆ ಕೇಳಿದ್ದು. ಆದರೆ ನನ್ನ ಬಾಯಿ ತಾನೇ ತೆರೆಯಿತು.

"ಕಲೆಕ್ಟರ್ ಎಲ್ಲಿಂದ ಬರಬೇಕವಾ. ಪಾಸಾದ್ರ ಸಾಕಾಗೇತಿ. ಗಣಿತ ಒಂಚೂರೂ ತಲಿಗೆ ಹತ್ತವಲ್ದು. ಬಡದು ಬಡದು ಕುಂದರಸೇವಿ."

ನಾದಿನಿಯ ಮುಖದ ನಗು ಇಳಿಯಿತು. ಆಕೆ ಜಮಖಾನೆಯ ಹತ್ತಿರ ಹೋಗಿ ಪುಸ್ತಕದ ರಟ್ಟು ನೋಡಿದಳು. ಮಗಳ ತಲೆ ಸವರಿದಳು. "ಏಳೆಂಟ್ಲೆ ಎಷ್ಟವಾ?" ಎಂದು ಮೆಲ್ಲಗೆ ಕೇಳಿದಳು.

ಮಗಳು ನನ್ನನ್ನು ನೋಡಿದಳು, ಅತ್ತೆಯನ್ನು ನೋಡಿದಳು. ಬೆರಳು ಮಡಚಿ, ತುಟಿ ಕುಣಿಸಿ, ಮೇಲೆ ಜಂತಿ ನೋಡಿ, "ಐವತ್ನಾಕು?" ಎಂದಳು.

ನಾದಿನಿಯ ಕಣ್ಣಲ್ಲಿ ನೀರು ಬಂತು. ನಾನು ಚಹಾ ಇಡುವ ನೆಪ ಮಾಡಿ ಅಡುಗೆಮನೆಗೆ ಹೋಗಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕೆ. ಇಷ್ಟು ಸಲೀಸಾಗಿ ಕೆಲಸ ಆಗುತ್ತದೆಂದು ಅಂದುಕೊಂಡಿರಲಿಲ್ಲ. ನಾದಿನಿ ಹೋದ ಮೇಲೆ ತಾಯಿ ಮಗಳು ಕೈಗೆ ಕೈ ತಟ್ಟಿದೆವು. ಮನೆಯವರು ಮಾತ್ರ ನಗಲಿಲ್ಲ. "ಮೀಟರ್ ಉಲ್ಟಾ ಜೋಡಿಸಿದ್ರ ಲೈನ್ ಏನೂ ಕೆಡಂಗಿಲ್ಲ, ಖರೆ. ಆದ್ರ ಮೀಟರ್ ತಪ್ಪು ತೋರಸತೈತಿ, ರಿಪೇರಿಗೆ ಬಂದಾಂವ ಅದನ್ನ ನೋಡೇ ಚಲೋ ತಂತಿ ಕೀಳ್ತಾನ," ಎಂದರು. ಅವರ ಮಾತೆಲ್ಲ ಅಂಗಡಿಯವೇ. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಸುಳ್ಳು ಸವಣೂರಿಗೆ ಹೋಗಿ, ಅಲ್ಲಿಂದ ಹತ್ತಿಮತ್ತೂರಿನ ನಂಟರ ಮನೆ ಹೊಕ್ಕು, ಹಾನಗಲ್ಲಿಗೆ ಮುಟ್ಟಿ, ನನಗೇ ವಾಪಸು ಬರಲು ಒಂದು ವಾರವೂ ಹಿಡಿಯಲಿಲ್ಲ. ಹಾನಗಲ್ಲಿನಿಂದ ಅವ್ವ ಗದ್ದೆಯ ಬದುವಿನ ಒಂದೆಲಗವನ್ನು ಬೇರು ಸಮೇತ ಕಿತ್ತು, ಹಸಿ ಅರಿವೆಯಲ್ಲಿ ಸುತ್ತಿ, ಬಸ್ಸಿನ ಕಂಡಕ್ಟರ ಕೈಯಲ್ಲಿ ಕಳಿಸಿದಳು. "ದಿನಾ ಚಟ್ನಿ ಮಾಡಿ ತಿನ್ನಿಸು. ನಿಮ್ಮ ಅಜ್ಜನೂ ಹಿಂಗ ಮಂದ ಇದ್ದ, ಇದರಿಂದನ ಸುಧಾರಿಸಿದ," ಎಂದು ಫೋನಿನಲ್ಲಿ ಹೇಳಿದಳು. ಅಜ್ಜ ಮಂದ ಇದ್ದನೆಂಬುದು ನನಗೆ ಅವತ್ತೇ ಗೊತ್ತಾದದ್ದು. ಬಾಜೂ ಮನೆಯ ಖಾಲಾ ಹುಲಗೂರಿಗೆ ದರ್ಗಾಕ್ಕೆ ಹೋದಾಗ ಮಗಳ ಸಲುವಾಗಿಯೇ ಬೇಡಿಕೊಂಡು ಹಸಿರು ದಾರ ತಂದು ಕೈಗೆ ಕಟ್ಟಿದರು. "ಬೇಟಿ, ಅಲ್ಲಾ ಎಲ್ಲರಿಗೂ ತಲಿ ಕೊಟ್ಟಾನ. ಕೆಲವರದು ತಡಾ ಮಾಡಿ ಬಿಚ್ಚತೈತಿ," ಎಂದರು. ಹತ್ತಿಮತ್ತೂರಿನ ನಂಟರು ಹೊಲಿಗೆ ಕ್ಲಾಸಿನಲ್ಲಿ ಜಾಗ ನೋಡಿಟ್ಟಿದ್ದರು. ಹತ್ತನೆಯದು ಆಗದಿದ್ದರೆ ಇದಾದರೂ ಇರಲಿ ಅಂತ.

ಮಗಳು ದಾರ ಕಟ್ಟಿಕೊಂಡಳು. ಒಂದೆಲಗದ ಚಟ್ನಿ ಮಾತ್ರ ಮುಖ ಕಿವುಚಿಕೊಂಡು ತಿಂದಳು. ನಾನು ಈ ಕೆಲಸದಲ್ಲಿ ಒಂದು ರೀತಿ ಪಳಗಿಬಿಟ್ಟೆ. ಯಾರಾದರೂ "ಹೆಂಗೈತಿ ಅಭ್ಯಾಸ?" ಎಂದರೆ ಸಾಕು, ನಿಟ್ಟುಸಿರು ಎಲ್ಲಿ ಬಿಡಬೇಕು, ಎಲ್ಲಿ ಸೆರಗಿನ ಅಂಚು ಹಿಡಿಯಬೇಕು, ಯಾವಾಗ "ನಮ್ಮ ಹಣೇಬಾರ" ಎನ್ನಬೇಕು, ಎಲ್ಲ ಸರಾಗ ಬರುತ್ತಿತ್ತು. ಒಳಗೊಳಗೇ ಹಿಗ್ಗು. ಹೊರಗೆ ಮಂದಿ ಅಯ್ಯೋ ಪಾಪ ಎನ್ನುವಾಗ ಒಳಗೆ ಮಗಳು ಹನ್ನೊಂದನೆಯ ತರಗತಿಯ ಲೆಕ್ಕ ಬಿಡಿಸುತ್ತಿದ್ದಾಳೆ, ಯಾರ ಕಣ್ಣೂ ತಾಗದೆ, ಕೋಳಿ ಕಾವಿಗೆ ಕೂತಂತೆ ಕೂತಿದ್ದಾಳೆ ಅಂತ.

ಹಿರೇಕೆರೂರಿನ ಅಕ್ಕ ಮಾತ್ರ ಬೇರು ನಾರು ಏನೂ ಕಳಿಸಲಿಲ್ಲ. ಒಂದು ಮುಂಜಾನೆ ಫೋನ್ ಮಾಡಿದಳು. ಆ ಕಡೆಯಿಂದ ಮೆಕ್ಕೆಜೋಳ ಒಕ್ಕುವ ಯಂತ್ರದ ಸದ್ದು ಬರುತ್ತಿತ್ತು.

"ತಂಗೀ, ಒಂದು ಹೇಳ್ತೇನಿ, ಯಾರ ಮುಂದೂ ಅನಬ್ಯಾಡ. ನಮ್ಮಾಕಿ ಹೋದ ವರ್ಷ ಹತ್ತನೇತ್ತಾದ ಗಣಿತದಾಗ ನಪಾಸಾಗಿದ್ಲು. ಮರುಪರೀಕ್ಷಾ ಕಟ್ಟಿದ್ರೂ ಆಗಲಿಲ್ಲ. ಪಾಸಾಗ್ಯಾಳ ಅಂತ ಎಲ್ಲಾರಿಗೂ ಸುಳ್ಳ ಹೇಳೇನಿ. ನಿನ್ನ ಮುಂದ ಹೇಳಾಕೂ ನಾಚಿಕಿ ಬರತಿತ್ತು. ಈಗ ನಿನ್ನ ಮಗಳದೂ ಹಂಗ ಐತಿ ಅಂತ ಕೇಳಿ… ಕೆಟ್ಟ ಅನಿಸ್ತು, ಖರೆ, ಆದ್ರ ಜೀವಕ್ಕ ಒಂದಿಷ್ಟು ಸಮಾಧಾನ ಆತು ನೋಡು."

ನನಗೆ ಆಗ ಹೇಳಬೇಕಿತ್ತು. ಬಾಯಿಯ ತನಕ ಬಂತು. ಆದರೆ ಏನಂತ ಹೇಳಲಿ? ನಿನ್ನ ಮಗಳು ಮಾತ್ರ ನಪಾಸು, ನನ್ನ ಮಗಳು ಜಾಣೆ ಅಂತಲೇ? "ಹೌದಕ್ಕಾ, ಮನಿಮನಿಗೆ ಒಂದೊಂದು ಇರತೈತಿ," ಎಂದುಬಿಟ್ಟೆ. ಅವತ್ತಿನಿಂದ ಅಕ್ಕ ದಿನಾ ಮುಂಜಾನೆ ಫೋನ್ ಮಾಡತೊಡಗಿದಳು. ಮದುವೆಯಾಗಿ ಇಷ್ಟು ವರ್ಷದಲ್ಲಿ ನಾವಿಬ್ಬರೂ ಇಷ್ಟು ಮಾತಾಡಿದ್ದಿಲ್ಲ. ಅಕ್ಕನ ಮಗಳೂ ನನ್ನ ಮಗಳಿಗೆ ಫೋನ್ ಮಾಡಿ "ನಾವಿಬ್ರೂ ಒಂದ ಗಾಡಿ ಎತ್ತು ನೋಡ" ಎನ್ನುತ್ತಿದ್ದಳಂತೆ. ಮಗಳು ಇದನ್ನು ಹೇಳುವಾಗ ನಗಲಿಲ್ಲ. "ಅವ್ವಾ, ಇದು ಸಾಕು. ಆ ಅಕ್ಕಗ ನಾ ಸುಳ್ಳ ಹೇಳಾಕ ಆಗವಲ್ದು," ಎಂದಳು. ಶಿಬಿರಕ್ಕೆ ಹೆಸರು ಹೋಗಲಿ, ಆಮೇಲೆ ಎಲ್ಲರಿಗೂ ನಾನೇ ಹೇಳುತ್ತೇನೆ ಎಂದೆ.

ಸಂಕ್ರಾಂತಿ ಮುಗಿದಿತ್ತು. ಆ ವರ್ಷ ಮಗಳ ಶಾಲೆಗೆ ವಿಜ್ಞಾನಕ್ಕೆ ಹೊಸ ಮೇಡಂ ಬಂದಿದ್ದರು. ಸವಣೂರಿನಿಂದ ದಿನಾ ಬಸ್ಸಿಗೆ ಓಡಾಡುವವರು. ಶಿಬಿರಕ್ಕೆ ಯಾರ ಹೆಸರು ಕಳಿಸಬೇಕೆಂಬುದು ಅವರ ಕೈಯಲ್ಲಿತ್ತು. ಅಂಕ ನೋಡಿದರೆ ಮಗಳದೇ ಮುಂದೆ; ನಾವು ನಿಶ್ಚಿಂತೆಯಾಗಿದ್ದೆವು. ಒಂದು ಸಂಜೆ ಮಗಳು ಮನೆಗೆ ಬಂದು ಚೀಲವನ್ನು ಮೂಲೆಗೆ ಎಸೆದು, ಗೋಡೆಗೆ ಮುಖ ಮಾಡಿ ಮಲಗಿಬಿಟ್ಟಳು. ಚಹಾ ಬೇಡ, ಅವಲಕ್ಕಿ ಬೇಡ. ಬಹಳ ಹೊತ್ತು ಕೂತು ಬೆನ್ನು ಸವರಿದ ಮೇಲೆ ಬಾಯಿ ಬಿಟ್ಟಳು.

"ಮೇಡಂ ನನ್ನ ಹೆಸರ ಕಳಸಂಗಿಲ್ಲಂತ. ಬ್ಯಾರೆ ಹುಡುಗಿದು ಕಳಸ್ತಾರಂತ."

"ಯಾಕಂತ?"

"ನಿಮ್ಮ ಮನ್ಯಾಗ ನಿನ್ನ ಮ್ಯಾಲೆ ಭಾಳ ಒತ್ತಡಾ ಐತಿ, ನಿನಗ ತ್ರಾಸ ಕೊಡಾಕ ನನಗ ಮನಸಿಲ್ಲ ಅಂದ್ರು. ಅತ್ತಿ ಅವರ ಓಣಿಯಾಗನ ಅದಾಳ, ಅವ್ವಾ. ಅತ್ತಿ ಎಲ್ಲಾ ಹೇಳ್ಯಾಳ. ಏಳೆಂಟ್ಲೆ ಐವತ್ನಾಕು ಅಂದದ್ದನ್ನೂ ಹೇಳ್ಯಾಳ."

ಮಗಳು ಎದ್ದು ಕೂತಳು. ಕಣ್ಣು ಕೆಂಪಾಗಿದ್ದವು. "ನಾ ಶಾಣ್ಯಾ ಅದೇನಿ ಅಂತ ನಾನ ಹೇಳಿದ್ರ ನಂಬಂಗಿಲ್ಲ ಅವರು. ದಡ್ಡಿ ಅಂತ ಹೇಳಿದಾಕಿ ನೀನು. ನೀನ ಬಂದು ಹೇಳು. ನಾಳೆ ಹೇಳು, ನಾಡ್ದ ಹೆಸರ ಹೋಗತೈತಿ."

ಮರುದಿನ ಒಳ್ಳೆಯ ಸೀರೆ ಉಟ್ಟು ಶಾಲೆಗೆ ಹೋದೆ. ಮನೆಯವರು ಬರುತ್ತೇನೆಂದರು, ಬೇಡವೆಂದೆ. ಸ್ಟಾಫ್ ರೂಮಿನಲ್ಲಿ ಉಳಿದ ಮಾಸ್ತರುಗಳು ಚಹಾ ಕುಡಿಯುತ್ತ, ಉತ್ತರಪತ್ರಿಕೆ ತಿದ್ದುತ್ತ ಕೂತಿದ್ದರು. ಮೇಡಂ ನನಗಿಂತ ಸಣ್ಣವರು, ಮುಖದಲ್ಲಿ ದಣಿವು, ಆದರೆ ದನಿ ಮೆತ್ತಗೆ. "ಬರ್ರಿ, ಕುಂದರ್ರಿ," ಎಂದು ತಾವೇ ಕುರ್ಚಿ ಸರಿಸಿದರು. ಮಗಳು ಬಾಗಿಲ ಚೌಕಟ್ಟಿಗೆ ಆತು ನಿಂತಿದ್ದಳು.

"ನನಗ ಸಿಟ್ಟಿಲ್ರಿ ನಿಮ್ಮ ಮ್ಯಾಲೆ," ಎಂದು ಅವರೇ ಸುರು ಮಾಡಿದರು. "ಆದ್ರ ಹಿಂದಿನ ಶಾಲಿಯೊಳಗ ಒಂದು ಹುಡುಗಿ ಇತ್ತು. ಮನಿಯವರು ಬಡದು ಓದಸ್ತಿದ್ರು. ಅಂಕ ಭಾಳ ಚಲೋ ಬರತಿದ್ವು. ಒಂದಿನ ಪುಸ್ತಕ ನೋಡಿದ್ರ ನಡಗಾಕ ಹತ್ತಿತು, ಶಾಲೀನ ಬಿಡ್ತು. ನಿಮ್ಮ ನಾದಿನಿಯವರು ಹೇಳಿದ್ದು ಕೇಳಿ ನನಗ ಆಕೀನ ನೆನಪಾದ್ಲು. ಅದಕ್ಕ ನಿಮ್ಮನ್ನ ಕೇಳ್ತೇನಿ. ತಾಯಿ ಆಗಿ ಹೇಳ್ರಿ. ಹುಡುಗಿ ಶಾಣ್ಯಾ ಅದಾಳೇನು?"

ಇದೇ ಪ್ರಶ್ನೆಗೆ ಉತ್ತರ ಹೇಳಲೆಂದೇ ನಾನು ಹೋದದ್ದು. ದಾರಿಯುದ್ದ ಮನಸ್ಸಿನಲ್ಲಿ ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. ಮೇಡಂ ಕೇಳಿದರು, ಮಾಸ್ತರುಗಳು ತಲೆ ಎತ್ತಿದರು, ಅಷ್ಟು ಕಣ್ಣುಗಳು ಒಮ್ಮೆಗೇ ನನ್ನ ಮೇಲೆ ಬಿದ್ದವು. ನನ್ನ ಬಾಯಿಂದ ಬಂದದ್ದು ಇದು:

"ಎಲ್ಲಿ ಶಾಣ್ಯಾರಿ ಮೇಡಂ. ಏನೋ ಅಷ್ಟಕ್ಕಷ್ಟ."

ಆಣೆ ಮಾಡಿ ಹೇಳುತ್ತೇನೆ, ನಾನು ಹೇಳಲಿಲ್ಲ, ಬಾಯಿ ಹೇಳಿತು. ಊಟ ಆಯಿತೇ ಎಂದರೆ ಉಪವಾಸ ಇದ್ದರೂ "ಆತ್ರಿ" ಎನ್ನುವುದಿಲ್ಲವೇ, ಹಾಗೆ. ನನ್ನ ಅವ್ವ, ಅವಳ ಅವ್ವ, ಹೋಳಿಗೆ ಕೆಟ್ಟಾವೆಂದ ಎಲ್ಲ ಹೆಂಗಸರೂ ಸಾಲುಗಟ್ಟಿ ನನ್ನ ನಾಲಿಗೆಯ ಮೇಲೆ ಕೂತಿದ್ದರು. ಬಾಗಿಲ ಕಡೆ ನೋಡಿದೆ. ಮಗಳು ನನ್ನನ್ನು ಒಂದು ಸಲ ನೋಡಿ, ಮೆಲ್ಲಗೆ ಮುಖ ಹೊರಳಿಸಿಕೊಂಡಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಮೇಡಂ ನಿಟ್ಟುಸಿರು ಬಿಟ್ಟು "ಹಂಗಾರ ಬ್ಯಾಡ ಬಿಡ್ರಿ" ಎನ್ನುವುದರಲ್ಲಿದ್ದರು.

"ಅಲ್ರಿ ಮೇಡಂ, ಕೇಳ್ರಿಲ್ಲೆ," ಎಂದೆ. ಹೊಗಳಲು ಬರದವಳಿಗೆ ಬರುವುದು ಒಂದೇ, ದೂರು ಹೇಳುವುದು. ಅದರಲ್ಲಿ ನಾನು ಎಂದೂ ತಡವರಿಸಿದವಳಲ್ಲ. "ಈಕಿ ಕಾಲಾಗ ನನಗ ಸಾಕಾಗಿ ಹೋಗೇತ್ರಿ. ಹಾಲಿಗೆ ಕಾವಲು ಕುಂದರು ಅಂದ್ರ ಉಕ್ಕಿಸಿಬಿಡ್ತಾಳ. ಯಾಕಬೇ ಅಂದ್ರ, ಹಾಲು ಉಕ್ಕತೈತಿ ನೀರು ಯಾಕ ಉಕ್ಕಂಗಿಲ್ಲ ನೋಡಾಕತ್ತಿದ್ದೆ ಅಂತಾಳ. ಮರುದಿನ ಅಗಲ ಪಾತೇಲಿಯೊಳಗ ಕಾಸೋದು, ಅದರ ಮರುದಿನ ಉದ್ದಂದರಾಗ ಕಾಸೋದು. ಒಂದು ವಾರ ನಮ್ಮ ಮನ್ಯಾಗ ಚಹಾಕ್ಕ ಹಾಲಿಲ್ರಿ. ಅವರಪ್ಪ ಸುತ್ತಿಟ್ಟ ಮೋಟಾರು ಬಿಚ್ಚಿ, ತಂತಿ ಎಲ್ಲಾ ಕಿತ್ತು, ತಿರುಗಿ ತಾನ ಸುತ್ತಿದ್ಲು. ತಿರುಗಿತೇನೋ ತಿರುಗಿತು, ಆದ್ರ ಉಲ್ಟಾ ತಿರುಗಿತ್ರಿ. ಉಲ್ಟಾ ಯಾಕ ತಿರುಗ್ತು ಅಂತ ಮೂರು ದಿನ ಊಟ ಬಿಟ್ಟು ಕುಂತ್ಲು. ಟ್ಯೂಷನ್ನಿಗೆ ಹಾಕಿದ್ರ, ಮಾಸ್ತರು ಮನೀಗೆ ಬಂದು ಕೈ ಮುಗದ್ರು: ಇನ್ನ ಕಳಸಬ್ಯಾಡ್ರಿ ನಮ್ಮವ್ವಾ, ಹುಡುಗರ ಮುಂದ ನಾ ಮಾಡಿದ ಲೆಕ್ಕದಾಗ ತಪ್ಪು ತಗೀತಾಳ ಅಂತ. ಕರೆಂಟ್ ಹೋದ್ರ ಎಲ್ಲಾರೂ ಅಂಗಳಕ್ಕ ಬಂದು ಕುಂತ್ರ ಈಕಿ ಅರ್ಧಾ ಆದ ಲೆಕ್ಕ ಬಾಯಿಲೇ ಮಾಡ್ಕೋತ ಅಡ್ಡಾಡ್ತಾಳ, ಹುಚ್ಚರಂಗ. ಒತ್ತಡಾ ಅಂದ್ರೆಲ್ರಿ? ನನಗ ಐತಿ ಒತ್ತಡಾ! ಓದು ಅಂತ ಒಮ್ಮೆ ಹೇಳಿಲ್ಲ ನಾನು. ಏಳು, ಉಣ್ಣು, ಮಲಕ್ಕೋ ಅಂತ ಹೇಳೇ ನನ್ನ ಗಂಟಲು ಹೋಗೇತಿ."

ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಾಗ ಕೋಣೆಯಲ್ಲಿ ಯಾರೂ ಪೆನ್ನು ಆಡಿಸುತ್ತಿರಲಿಲ್ಲ. ಮೇಡಂ ಗಲ್ಲಕ್ಕೆ ಕೈ ಕೊಟ್ಟು ನನ್ನನ್ನೇ ನೋಡುತ್ತಿದ್ದರು. ತುಟಿಯ ಮೂಲೆ ಅಲುಗುತ್ತಿತ್ತು.

"ಇದು ದಡ್ಡ ಹುಡುಗಿ ಲಕ್ಷಣ ಏನ್ರಿ?"

"ಅಲ್ರಿ."

"ಮತ್ತ ಐವತ್ನಾಕು?"

"ಅದು ದೃಷ್ಟಿ ಆಗಬಾರದು ಅಂತ್ರಿ."

ಮೂಲೆಯಲ್ಲಿದ್ದ ಗಣಿತದ ಮಾಸ್ತರರಿಗೆ ಚಹಾ ನೆತ್ತಿಗೇರಿತು. ಅವರು ಕೆಮ್ಮುತ್ತಲೇ "ನಾ ಹೇಳಿದ್ದೆನಲ್ರಿ ಮೇಡಂ" ಎಂದರು. ಮೇಡಂ ಅವರ ಕಡೆ ತಿರುಗಲಿಲ್ಲ.

"ಹಂಗಾರ ಒಂದು ಮಾತಿನಾಗ ಹೇಳ್ರಿ. ನಿಮ್ಮ ಬಾಯಿಂದ ಕೇಳಿದ ಮ್ಯಾಲೇ ಹೆಸರ ಬರೀತೇನಿ."

ಬಿಗಿ ಹಿಡಿದ ಉಪ್ಪಿನಕಾಯಿ ಭರಣಿಯ ಮುಚ್ಚಳ ತೆಗೆಯುವಾಗ ಹೇಗೆ ಮೈಯೆಲ್ಲ ಗಟ್ಟಿ ಮಾಡುತ್ತೇವೋ ಹಾಗೆ ಮಾಡಿಕೊಂಡೆ. ನೆಲ ನೋಡಿದೆ. "ಶಾಣ್ಯಾ ಅದಾಳ್ರಿ," ಎಂದೆ. ಹೇಳಿದ ಮೇಲೆ ಹೇಗಿದ್ದರೂ ಹೇಳಿದ್ದಾಯಿತಲ್ಲ ಅಂತ, "ಭಾಳ ಶಾಣ್ಯಾ ಅದಾಳ. ನಮ್ಮ ಮನಿತನದಾಗ ಹಿಂತಾಕಿ ಹುಟ್ಟಿಲ್ಲ," ಎಂದೂ ಸೇರಿಸಿದೆ. ಕೂಡಲೇ ಕೈಗಳು ತಾವಾಗಿ ಎದ್ದು ಕಪಾಳಕ್ಕೆ ಹೋಗಿ ನೆಟಿಗೆ ಮುರಿದವು. ಎಲ್ಲರೂ ನಕ್ಕರು. ಮಗಳು ನಗಲಿಲ್ಲ. ಆಕೆಯ ಕಿವಿಗಳು ಕೆಂಪಗಾಗಿದ್ದವು. ಮೇಡಂ ಹೆಸರು ಬರೆದರು.

ಮನೆಗೆ ಬರುವಾಗ ಮಗಳು ಸಂತೆ ಬಯಲು ದಾಟಿದ ಮೇಲೆ, "ಅವ್ವಾ, ಇನ್ನೊಮ್ಮೆ ಅನ್ನು," ಎಂದಳು.

"ಏನನ್ನ?"

"ಅಲ್ಲಿ ಅಂದೀ ಅಲ್ಲ, ಅದನ್ನ."

"ಮಂದಿ ಅದಾರ, ನಡಿ," ಎಂದೆ.

ಪರೀಕ್ಷೆ ಹಾವೇರಿಯಲ್ಲಿ ಆಯಿತು. ಫಲಿತಾಂಶ ಬಂದ ದಿನ ಮೇಡಂ ಬಸ್ಸಿನಿಂದಲೇ ಫೋನ್ ಮಾಡಿದರು: ಆಯ್ಕೆಯಾಗಿದೆ, ಮೇ ತಿಂಗಳಲ್ಲಿ ಶಿಬಿರ. ಈ ಸಲ ಮುಚ್ಚಿಡುವುದಿಲ್ಲವೆಂದು ನಾನು ನಿಶ್ಚಯ ಮಾಡಿದ್ದೆ. ಆದರೆ ನಾನು ಬಾಯಿ ತೆರೆಯುವುದಕ್ಕೂ ಮೊದಲೇ ಆ ಬಸ್ಸಿನಲ್ಲಿದ್ದ ಯಾರೋ ಸವಣೂರಿಗೆ ಮುಟ್ಟಿಸಿದ್ದರು. ನಾದಿನಿ ಸಂಜೆಯೇ ಬಂದಳು, ಮಗಳ ಮುಖ ಹಿಡಿದು ಮುದ್ದಿಟ್ಟಳು. ನಾನು ನಡೆದದ್ದನ್ನೆಲ್ಲ ಬಿಡಿಸಿ ಹೇಳಿದೆ. ಆಕೆ ಮೊದಲಿಂದಲೂ ಜಾಣೆ, ನಾನೇ ಸುಳ್ಳು ಹೇಳಿದ್ದು, ಅಂತ. ನಾದಿನಿ ನನ್ನ ಕೈ ಒತ್ತಿದಳು. "ಇರ್ಲಿ ಬಿಡ್ರಿ ವೈನಿ. ಹಿಂದಿಂದೆಲ್ಲಾ ಯಾಕ ಮುಚ್ಚಿಡ್ತೀರಿ? ದಡ್ಡಿ ಇದ್ದಾಕಿ ಸುಧಾರಿಸಿದ್ಲಲ್ಲ, ಅದ ದೊಡ್ಡದು."

ಖಾಲಾ ಹುಲಗೂರಿಗೆ ಸಕ್ಕರೆ ಹಂಚಿ ಬರಲು ಹೊರಟರು. ಅವ್ವ ಹಾನಗಲ್ಲಿನ ಓಣಿಯಲ್ಲೆಲ್ಲ ಒಂದೆಲಗದ ಮಹಿಮೆ ಸಾರಿದ್ದಳು. ಯಾರದೋ ಮನೆಯ ಮಂದ ಹುಡುಗನಿಗೂ ಅದು ಸುರುವಾಗಿತ್ತಂತೆ. ನನ್ನ ನಿಜವನ್ನು ನಾಲ್ಕು ತಾಲೂಕಿನಲ್ಲಿ ಕೊಳ್ಳುವವರೇ ಇಲ್ಲ. ಸುಳ್ಳು ಎಷ್ಟು ಗಟ್ಟಿಮುಟ್ಟಾಗಿ ಕಟ್ಟಿದ್ದೆನೆಂದರೆ, ಕಟ್ಟಿದ ನನ್ನ ಕೈಯಿಂದಲೂ ಅದನ್ನು ಕೆಡವಲಾಗಲಿಲ್ಲ.

ನಂಬಿದವಳು ಅಕ್ಕ ಒಬ್ಬಳೇ. ಅವಳಿಗೆ ನಾನೇ ಫೋನ್ ಮಾಡಿದೆ. ಅವಳು ಪೂರಾ ಕೇಳಿದಳು.

"ಅಂದ್ರ ನಿನ್ನಾಕಿ ಎಂದೂ ನಪಾಸಾಗಿಲ್ಲ."

"ಇಲ್ಲಕ್ಕಾ."

"ನಂದು ಖರೇ ಇತ್ತಲ್ಲ ತಂಗೀ," ಎಂದಳು. ಸಿಟ್ಟಿರಲಿಲ್ಲ ದನಿಯಲ್ಲಿ. ಫೋನ್ ಇಟ್ಟಳು. ಮರುದಿನ ಮುಂಜಾನೆ ಫೋನ್ ಬರಲಿಲ್ಲ, ಅದರ ಮರುದಿನವೂ ಇಲ್ಲ. ನಾನು ಮಾಡಿದರೆ "ಹೊಲದಾಗ ಅದೇನಿ" ಎಂದು ಇಡುತ್ತಿದ್ದಳು. ನಾನು ರೊಟ್ಟಿ ಬಡಿಯುವಾಗ ಫೋನನ್ನು ಹಿಟ್ಟಿನ ಕೈಗೆ ಸಿಗುವಂತೆ ಪಕ್ಕದಲ್ಲೇ ಇಟ್ಟುಕೊಳ್ಳುವುದನ್ನು ಬಿಡಲಿಲ್ಲ.

ಮಗಳು ಶಿಬಿರಕ್ಕೆ ಹೋದಳು. ಮನೆಯವರು ಬಿಟ್ಟು ಬಂದರು. ಅಲ್ಲಿಂದ ಆಕೆ ಫೋನಿನಲ್ಲಿ ಹೆಚ್ಚು ಮಾತಾಡುತ್ತಿರಲಿಲ್ಲ. "ಹೂಂ", "ಉಂಡೇನಿ", "ಚಲೋ ಐತಿ" ಅಷ್ಟೇ. ತಿಂಗಳ ಕೊನೆಗೆ ವಾಪಸು ಬಂದಾಗ ಸೊರಗಿದ್ದಳು, ಬಿಸಿಲಿಗೆ ಮುಖ ಕರ್ರಗಾಗಿತ್ತು. ತಲೆಗೆ ಎಣ್ಣೆ ಹಚ್ಚುತ್ತ ಕೇಳಿದೆ, ಹೇಗಿತ್ತು ಅಂತ.

"ಅವ್ವಾ, ಅಲ್ಲಿ ಎಲ್ಲಾರೂ ನನಗಿಂತ ಶಾಣ್ಯಾರು. ಮೊದಲನೇ ವಾರ ಒಂದೂ ತಿಳೀಲಿಲ್ಲ. ಮೊದಲ ಪರೀಕ್ಷಾದಾಗ ನಾ ನಪಾಸು."

ನನ್ನ ಕೈ ತಲೆಯ ಮೇಲೇ ನಿಂತಿತು. "ನಪಾಸು?"

"ಹೂಂ. ಕಡೀಕಿನಾಕಿ ನಾನ. ರಾತ್ರಿ ಹೊಚ್ಚಿಕೊಂಡು ಅತ್ತೆ. ಆಮ್ಯಾಲೆ ಹೋಗಿ ಕೇಳಿದೆ, ತಿಳೀಲಿಲ್ರಿ ಅಂತ. ಅವರು ಮತ್ತ ಹೇಳಿಕೊಟ್ರು. ಎರಡನೇದ್ದು ಆತು. ಮುಂದಿನ ಬೇಸಿಗಿಗೂ ಬಾ ಅಂತ ಕರದಾರ." ಆಕೆ ತಿರುಗಿ ನನ್ನ ಮುಖ ನೋಡಿದಳು. "ಅಲ್ಲಿ ಓದಾಕ ನನಗ ಮೊದಲಿಗಿಂತ ಭಾಳ ಬೇಕಾಗೇತವ್ವಾ. ಸಿಗತೈತೋ ಇಲ್ಲೋ ಗೊತ್ತಿಲ್ಲ. ಫೋನ್ ಕೊಡು."

ಕೊಟ್ಟೆ. ಆಕೆ ಹಚ್ಚಿದ್ದು ಹಿರೇಕೆರೂರಿಗೆ, ಅಕ್ಕನ ಮಗಳಿಗೆ. "ಅಕ್ಕಾ, ಕೇಳಿಲ್ಲೆ. ನಾ ಖರೇನ ನಪಾಸಾದೆ," ಎಂದು ಅಂಗಳದ ತನಕ ಕೇಳಿಸುವಂತೆ ಸುರು ಮಾಡಿದಳು.

ನನಗೆ ಜೀವ ತಡೆಯಲಿಲ್ಲ. ಎಣ್ಣೆಯ ಕೈ ಬೀಸಿ ಬೀಸಿ ಸನ್ನೆ ಮಾಡಿದೆ. ಅದನ್ಯಾಕ ಹೇಳ್ತಿ, ಸಣ್ಣಗ ಮಾತಾಡು, ಮಂದಿ ಏನಂದಾರು. ಓಡಿ ಹೋಗಿ ಹಿತ್ತಲ ಬಾಗಿಲಿನ ಅಗಳಿಗೆ ಕೈ ಹಾಕಿದೆ. ಆಗದ ನಪಾಸನ್ನು ನಾಲ್ಕು ತಾಲೂಕಿಗೆ ಹಂಚಿ ಬಂದವಳು, ಆದ ನಪಾಸನ್ನು ಮುಚ್ಚಿಡಲು ಮನೆ ತುಂಬ ಓಡಾಡುತ್ತಿದ್ದೆ.

ಮಗಳು ನನ್ನ ಕಡೆ ನೋಡಲೂ ಇಲ್ಲ. ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕೂತು, ಯಾವ ಪ್ರಶ್ನೆಗೆ ಏನು ಬರೆದು ಸೊನ್ನೆ ಬಂತು ಎಂದು ಒಂದೊಂದಾಗಿ ಹೇಳುತ್ತಿದ್ದಳು. ಆ ಕಡೆಯಿಂದ ಅಕ್ಕನ ಮಗಳು ನಕ್ಕದ್ದು ಕೇಳಿಸಿತು. ಆಮೇಲೆ ಫೋನು ಕೈ ಬದಲಾದ ಸದ್ದು, ನಮ್ಮ ಅಕ್ಕನ ದನಿ: "ಏನಂದಿ? ಕಡೀಕಿನಾಕಿ? ಮತ್ತ ಹ್ಯಾಂಗ ತಿಳ್ಕೊಂಡಿ ಆಮ್ಯಾಲೆ? ತಡಿ, ಈಕಿ ಪುಸ್ತಕಾ ತರಲಿ. ಈಕಿಗೂ ಹಂಗ ಹೇಳು."